ನರಸಮ್ಮನ ಹತ್ತಿ, ನನ್ನ ಮುನ್ನೂರು ಲೈಕು

"ಇದರಾಗ ಎಷ್ಟು ಮಂದಿ ಬರ್ತಾರ್ರಿ ಸಾರ್, ಹೊಲಕ್ಕ?"

ಪ್ರಶ್ನೆ ಎದುರಾದದ್ದು ಒಂದು ಶುಕ್ರವಾರ ಮಧ್ಯಾಹ್ನ, ಆದವಾನಿಯ ನಮ್ಮ ಜೂನಿಯರ್ ಕಾಲೇಜಿನ ಸ್ಟಾಫ್ ರೂಮಿನಲ್ಲಿ. ಕೇಳಿದವರು ಕಾಲೇಜಿನ ಆಯಾ ನರಸಮ್ಮ. ನನ್ನ ಮೇಜಿನ ಮೇಲೆ ತಮ್ಮ ಫೋನನ್ನು ಇಟ್ಟು, ಬೆರಳಿನಿಂದ ಒತ್ತಿ ತೋರಿಸಿ ಕೇಳಿದರು. ಗಾಜು ಬಿರುಕುಬಿಟ್ಟ, ರಬ್ಬರ್ ಬ್ಯಾಂಡ್ ಸುತ್ತಿದ ಫೋನು. ಪರದೆಯ ಮೇಲಿದ್ದದ್ದು ನಾನೇ ಬರೆದ ಪೋಸ್ಟು. ಅದರ ಕೆಳಗೆ ಮುನ್ನೂರು ದಾಟಿದ ಲೈಕು.

ಕಾಲೇಜು ದಿನಗಳಲ್ಲಿ ಚರ್ಚಾಸ್ಪರ್ಧೆಯ ಶೀಲ್ಡುಗಳನ್ನು ಗೆದ್ದವನು ನಾನು. ಚೀಟಿಯಲ್ಲಿ ಯಾವ ಪಕ್ಷ ಬಂದರೂ ಐದು ನಿಮಿಷ ನಿಲ್ಲದೆ ಸಮರ್ಥಿಸಬಲ್ಲೆ. ಆದರೆ ಆ ಪ್ರಶ್ನೆಗೆ ಪರ, ವಿರೋಧ ಎಂಬುದಿರಲಿಲ್ಲ; ಬೇಕಿದ್ದದ್ದು ಒಂದು ಸಂಖ್ಯೆ.

ಉತ್ತರ ಸೊನ್ನೆಯಾಗಿತ್ತು. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

ಈ ಅಂಕಣದ ಹಳೆಯ ಓದುಗರಿಗೆ ನನ್ನ 'ಕೈಜೋಡಿಸು ಬಳಗ' ಎಂಬ ಗ್ರೂಪಿನ ಪರಿಚಯವಿದೆ. (ಇರಲೇಬೇಕು. ಇದೇ ಜಾಗದಲ್ಲಿ ಅದನ್ನು ಆರು ಬಾರಿಯಾದರೂ ಹೊಗಳಿಕೊಂಡಿದ್ದೇನೆ.) ಸಮಾಜ ಒಡೆದುಹೋಗುತ್ತಿದೆ, ಮನುಷ್ಯ ಮನುಷ್ಯನಿಗೆ ಒದಗಬೇಕು, ಆದವಾನಿಯಿಂದ ಎಮ್ಮಿಗನೂರಿನವರೆಗೆ ಒಂದೇ ಕುಟುಂಬವಾಗಬೇಕು ಎಂಬ ಮಹದಾಸೆಯಿಂದ ಕಟ್ಟಿದ ಗ್ರೂಪು. ಸಾವಿರಕ್ಕೂ ಹೆಚ್ಚು ಸದಸ್ಯರು. ದಿನವೂ ಬೆಳಗ್ಗೆ ಆರಕ್ಕೆ ನನ್ನ ಒಂದು ಸುವಿಚಾರ. ಸಂಜೆ ಒಂದು ಚರ್ಚೆ. ನಡುವೆ ಹುಟ್ಟುಹಬ್ಬದ ಕೇಕುಗಳು, ಹೂಗುಚ್ಛಗಳು, ಮುಗಿದ ಕೈಗಳು. ಮುಗಿದ ಕೈಗಳಿಗೆ ಅಲ್ಲಿ ಎಂದೂ ಬರವಿರಲಿಲ್ಲ.

ಆ ವಾರದ ಬುಧವಾರ ನರಸಮ್ಮ ಚಹಾದ ಲೋಟ ಇಡುತ್ತ ನನಗೊಂದು ಮಾತು ಹೇಳಿದ್ದರು. ಗೋನೆಗಂಡ್ಲದ ಹತ್ತಿರದ ಹಳ್ಳಿಯಲ್ಲಿ ಅವರಿಗೆ ಒಂದೂವರೆ ಎಕರೆ ಹೊಲವಿದೆ. ವಾರವೆಲ್ಲ ಆದವಾನಿಯಲ್ಲಿ ತಂಗಿಯ ಮನೆಯಲ್ಲಿದ್ದು, ಶನಿವಾರ ಸಂಜೆ ಊರಿಗೆ ಹೋಗುತ್ತಾರೆ.

"ಹತ್ತಿ ಎಲ್ಲಾ ಒಮ್ಮಿಗೇ ಒಡದೈತ್ರಿ ಸಾರ್, ಬೆಳ್ಳಗ ಕಾಣ್ತೈತಿ ಹೊಲ. ನಮ್ಮ ಮನಿಯವ ಕಟ್ಟಿ ಮ್ಯಾಲಿಂದ ಬಿದ್ದು ಬಲಗೈ ಮುರಕೊಂಡಾನ. ಸೋಮವಾರದ ಹೊತ್ತಿಗೆ ಮಳಿ ಬರ್ತೈತಂತ ಟೀವ್ಯಾಗ ಹೇಳ್ಯಾರ. ಎಲ್ಲಾರ ಹೊಲದಾಗೂ ಇದಾ ಕತಿ, ಕೂಲ್ಯಾಳು ಒಬ್ರೂ ಸಿಗವಲ್ರು."

ಇಷ್ಟು ಹೇಳಿ ಸುಮ್ಮನೆ ನಿಂತರು. ನಿಂತದ್ದು ಸ್ವಲ್ಪ ಹೆಚ್ಚೇ ಹೊತ್ತು. ಇದನ್ನು ನಾನು ಗಮನಿಸಬೇಕಿತ್ತು.

ಒಡೆದ ಹತ್ತಿ ಗಿಡದ ಮೇಲಿರುವಾಗ ಮಳೆ ಬಿದ್ದರೆ ಏನಾಗುತ್ತದೆಂದು ಆದವಾನಿಯಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಿಲ್ಲ. ಬೆಳ್ಳನೆಯದು ಕಂದುತ್ತದೆ, ಕಪ್ಪಾಗುತ್ತದೆ, ಕೊಳೆಯುತ್ತದೆ. ಜಿನ್ನಿಂಗ್ ಮಿಲ್ಲಿನವರು ಚೀಲದೊಳಗೆ ಕೈ ಹಾಕಿ, ಮುಖ ತಿರುಗಿಸುತ್ತಾರೆ. ಆರು ತಿಂಗಳ ದುಡಿಮೆ ಎರಡು ಗಂಟೆಯ ಮಳೆಯಲ್ಲಿ ಮುಗಿಯುತ್ತದೆ.

ನನ್ನ ಮನ ಕರಗಿತು. ಮನ ಕರಗಿದಾಗ ನಮ್ಮ ಕಾಲದ ಸಜ್ಜನರು ಏನು ಮಾಡುತ್ತಾರೆ?

ಫೋಟೋ ತೆಗೆಯುತ್ತಾರೆ. ನಾನೂ ತೆಗೆದೆ. ಚಹಾದ ತಟ್ಟೆ ಹಿಡಿದ ನರಸಮ್ಮನ ಫೋಟೋ. ಅದರ ಪಕ್ಕಕ್ಕೆ ಅವರ ಮಗಳು ಕಳಿಸಿದ್ದ ಹೊಲದ ಫೋಟೋ. ಕೆಳಗೆ ನಾಲ್ಕು ಪ್ಯಾರಾ. 'ಬಡ ತಾಯಿಯ ಕಣ್ಣೀರಿಗೆ ನಾವು ಮಿಡಿಯಬಾರದೇ?' ಎಂದು ಆರಂಭ. (ಅವರು ಅತ್ತಿರಲಿಲ್ಲ. ಅದು ನನ್ನ ಅಲಂಕಾರ.) 'ಬನ್ನಿ, ಭಾನುವಾರ ಹೊಲಕ್ಕೆ ಹೋಗೋಣ' ಎಂದು ಮುಕ್ತಾಯ. ಆ ರಾತ್ರಿಯೊಳಗೆ ಇನ್ನೂರು ಲೈಕು. ಮರುದಿನಕ್ಕೆ ಮುನ್ನೂರು. 'ನಿಮ್ಮಂಥವರಿಂದಲೇ ಮಳೆ ಬೆಳೆ ಸಾರ್' ಎಂದು ಒಬ್ಬರು. (ಮಳೆ ಬರಬಾರದು ಎಂಬುದೇ ಪೋಸ್ಟಿನ ವಿಷಯವಾಗಿತ್ತು.) 'ಗ್ರೇಟ್ ವರ್ಕ್' ಎಂದು ಹನ್ನೊಂದು ಮಂದಿ. ಯಾವ ವರ್ಕ್?

ಬರುತ್ತೇನೆ ಎಂದವರು ಒಬ್ಬರೂ ಇಲ್ಲ. ಇದು ಕೇವಲ ಸೋಲಾಗಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ನಾನು ಮಾಡಿದ್ದು ಅದಕ್ಕಿಂತ ಕೆಟ್ಟದ್ದು.

"ನಮ್ಮೂರಿನ ಈರಮ್ಮ ನಿನ್ನಿ ಫೋನ್ ಮಾಡಿ ಬೈದ್ಲು ಸಾರ್" ಅಂದರು ನರಸಮ್ಮ. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. "ನಮ್ಮೂರಾಗ ನಾಕು ಮಂದಿ ಹೆಣ್ಮಕ್ಕಳು ಭಾನುವಾರ ಬರ್ತೀವಿ ಅಂದಿದ್ರು. ನಿಮ್ಮ ಫೋಟೋ ಊರೆಲ್ಲಾ ತಿರುಗೈತಿ. 'ಮುನ್ನೂರು ಮಂದೀನ ಫೋನಿನ್ಯಾಗ ಕೂಡ್ಸಿದಿಯಲ್ಲ, ನಾವ್ಯಾಕ ಬೇಕು ನಿನಗ? ನಮ್ಮನ್ನ ಬಿಟ್ಟು ಸಿಟಿಯವರ ಮುಂದ ಕೈ ಚಾಚಿದ್ಯಾ?' ಅಂತ ಕೇಳ್ತಾಳ. ಏನ್ ಹೇಳ್ಲಿ ನಾ ಆಕಿಗೆ?"

"ನಾನು ಸಹಾಯಕ್ಕ ಅಂತ..."

"ನಾ ಮುಯ್ಯಿ ಕೇಳೀನ್ರಿ ಸಾರ್. ಧರ್ಮ ಕೇಳಿಲ್ಲ."

ಓದುಗರೇ, ಇಲ್ಲಿ ಎರಡು ವರ್ಷ ಹಿಂದಕ್ಕೆ ಹೋಗಬೇಕು.

ಆಗ ನಾನು ಮನೆ ಬದಲಿಸಿದ್ದೆ. ಹೊಸ ಬಾಡಿಗೆ ಮನೆ ಇಕ್ಕಟ್ಟಾದ ಹಳೆಯ ಬೀದಿಯಲ್ಲಿ, ಮಹಡಿಯ ಮೇಲೆ. ಲಾರಿ ಬೀದಿಯೊಳಗೆ ಬರಲಿಲ್ಲ. ಸಾಮಾನೆಲ್ಲವನ್ನೂ ಬೀದಿಯ ಬಾಯಲ್ಲೇ ಇಳಿಸಿ ಹೊರಟುಹೋಯಿತು. ಪುಸ್ತಕದ ಪೆಟ್ಟಿಗೆಗಳೇ ನಲವತ್ತು. ನಾನೂ ನನ್ನ ಹೆಂಡತಿ ಸುಧಾಳೂ ಎರಡು ಪೆಟ್ಟಿಗೆ ಹೊತ್ತು ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದೆವು. ಮರುದಿನ ಭಾನುವಾರ ಬೆಳಗ್ಗೆ ನರಸಮ್ಮ ತಮ್ಮೂರಿನ ನಾಲ್ವರು ಹೆಂಗಸರೊಂದಿಗೆ ಬಂದರು. ಸಿಂಬೆ ಸುತ್ತಿ, ಪೆಟ್ಟಿಗೆಗಳನ್ನು ತಲೆಯ ಮೇಲಿಟ್ಟು, ಸಂಜೆಯೊಳಗೆ ನನ್ನ ಇಡೀ ಗ್ರಂಥಾಲಯವನ್ನು ಮಹಡಿ ಏರಿಸಿದರು. ಕೂಲಿ ಕೊಡಹೋದೆ. ಮುಟ್ಟಲಿಲ್ಲ.

"ಬರ್ತೈತಿ ಬಿಡ್ರಿ ಸಾರ್, ಒಂದು ದಿನ" ಅಂದಿದ್ದರು ನರಸಮ್ಮ.

ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ಅಂದೇ 'ನಿಸ್ವಾರ್ಥ ಸೇವೆಗೆ ನಮನ' ಎಂದು ಐವರ ಫೋಟೋ ಹಾಕಿ ಪೋಸ್ಟು ಬರೆದೆ. ಅಲ್ಲಿಗೆ ನನ್ನ ಕರ್ತವ್ಯ ಮುಗಿಯಿತು ಎಂದು ಭಾವಿಸಿದೆ.

ಅವರ ಕಡೆಯಿಂದ ಅದು ಸೇವೆಯಾಗಿರಲೇ ಇಲ್ಲ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಮುಯ್ಯಾಳು ಎಂಬುದೊಂದು ಪದ್ಧತಿ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ನಡುವೆ ಕೂಲಿಯಿಲ್ಲ, ಉಪಕಾರದ ಮಾತಿಲ್ಲ, ಸನ್ಮಾನವಂತೂ ಇಲ್ಲವೇ ಇಲ್ಲ. ದುಡಿಮೆಗೆ ದುಡಿಮೆಯೇ ಉತ್ತರ. 'ಬರ್ತೈತಿ ಒಂದು ದಿನ' ಎಂಬುದನ್ನು ನಾನು ಆಶೀರ್ವಾದವೆಂದು ಕೇಳಿಸಿಕೊಂಡಿದ್ದೆ. ಅದು ಕರಾರಾಗಿತ್ತು. ಬುಧವಾರ ಚಹಾದ ಲೋಟ ಇಟ್ಟು ಅವರು ನಿಂತದ್ದು ಆ ಕರಾರಿನ ದಿನ ಬಂದಿದೆ ಎಂದು ತಿಳಿಸಲಿಕ್ಕೆ. ಸಮಾನರೊಬ್ಬರು ಸಮಾನನ ಬಳಿ ಬಂದಿದ್ದರು. ನಾನು ಅವರನ್ನು 'ಬಡ ತಾಯಿ' ಮಾಡಿ ಸಾವಿರ ಜನರ ಮುಂದೆ ನಿಲ್ಲಿಸಿದೆ. ಈರಮ್ಮನೂ ಅಂದು ನನ್ನ ಪುಸ್ತಕ ಹೊತ್ತ ನಾಲ್ವರಲ್ಲಿ ಒಬ್ಬರು ಎಂಬುದನ್ನು ಸೇರಿಸಿಕೊಂಡರೆ, ನನ್ನ ಅಪರಾಧದ ಅಳತೆ ನಿಮಗೆ ಸಿಗುತ್ತದೆ.

"ಐದು ಮಂದೀನ ಕರ್ಕೊಂಡು ಬರ್ತೀನಿ ನರಸಮ್ಮ, ಭಾನುವಾರ" ಅಂದೆ. "ಆಳು ಸಿಗದಿದ್ದರ ದುಪ್ಪಟ್ಟು ಕೂಲಿ ಕೊಟ್ಟು..."

"ಕೂಲಿ ಕೊಟ್ಟು ಕಳಿಸಿದ್ರ ಅದು ಮುಯ್ಯಿ ಅಲ್ರಿ. ನಿಮ್ಮ ಕೈ ಬರಬೇಕು."

ಐದು ಜೊತೆ ಕೈ. ನಾನು ಮತ್ತು ಸುಧಾ ಸೇರಿದರೆ ಎರಡು. ಉಳಿದ ಮೂರು? ಸಾವಿರ ಸದಸ್ಯರ ಕುಟುಂಬದ ಯಜಮಾನನಿಗೆ ಮೂವರು ಸಿಗುವುದು ಕಷ್ಟವೇ?

ಆ ಸಂಜೆ ನಮ್ಮ ಬೀದಿಯಲ್ಲಿ ನಿಂತು ನೋಡಿದೆ. ಎರಡು ವರ್ಷದಿಂದ ಇಲ್ಲಿದ್ದೇನೆ. ಹದಿನೆಂಟು ಮನೆಗಳು. ನನಗೆ ಹೆಸರು ಗೊತ್ತಿದ್ದದ್ದು ಒಂದೇ ಮನೆಯವರದು. ಅವರು ನನ್ನ ಮನೆಯ ಮಾಲೀಕರು.

ಹಾಗಾಗಿ ಅಲ್ಲಿಂದಲೇ ಆರಂಭಿಸಿದೆ. ಕೆಳಮನೆಯ ಶ್ಯಾಮಾಚಾರ್ಯರು ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ವಯಸ್ಸು ಎಪ್ಪತ್ತರ ಹತ್ತಿರ. ನಾನು ವಿಷಯವನ್ನು ಪೀಠಿಕೆ, ಪ್ರತಿಪಾದನೆ, ಉಪಸಂಹಾರಗಳ ಸಹಿತ ವಿವರಿಸಿದೆ. ಅವರು ಪೂರ್ತಿ ಕೇಳಿದರು.

"ಇಷ್ಟ ಹೇಳಲಿಕ್ಕೆ ಅಷ್ಟು ಮಾತು ಯಾಕಪಾ? ಹತ್ತಿ ಬಿಡಸಲಿಕ್ಕೆ ಹೋಗೋದದ, ಬರ್ತೀರೇನು ಅಂತ ಕೇಳು. ಬರ್ತೀನಿ. ಆದರ ಭಾನುವಾರ ಏಕಾದಶಿ ಅದ, ನಾ ಉಪವಾಸ. ಊಟಕ್ಕ ಕರೀಬ್ಯಾಡ."

"ಉಪವಾಸ ಇದ್ದು ಬಿಸಿಲಾಗ..."

"ನಿಮ್ಮಂಗ ಊಟ ಮಾಡಿ ಮರದ ಕೆಳಗ ಮಲಗೋದಕ್ಕಿಂತ ಅದ ಛಲೋ." ಆಮೇಲೆ ಅವರ ಕಣ್ಣು ಹಿತ್ತಲಿನ ಕಡೆ ಹೋಯಿತು. "ನಂದೂ ಒಂದು ಕೆಲಸ ಅದ. ಬಾವಿ ಹೂಳು ತುಂಬೇದ. ಹದಿನೈದು ವರ್ಷದಿಂದ ತೆಗಸಬೇಕಂತೀನಿ, ಒಬ್ಬರ ಕೈಲೆ ಆಗೂದಲ್ಲ. ಮುಯ್ಯಿ ಕೊಡತೀ ಏನು?"

ಕೊಡುತ್ತೇನೆ ಎಂದೆ. ನನ್ನ ಜೀವನದ ಮೊದಲ ಮುಯ್ಯಿನ ಕರಾರು ಹೀಗೆ ಪ್ರಜ್ಞಾಪೂರ್ವಕವಾಗಿ ಆಯಿತು.

ಎರಡನೆಯ ಬಾಗಿಲು ಎದುರುಮನೆಯ ಆಟೋದವರದು. ದಿನವೂ ಅವರ ಆಟೋದ ಪಕ್ಕದಲ್ಲೇ ನನ್ನ ಸ್ಕೂಟರ್ ನಿಲ್ಲುತ್ತದೆ. ಹೆಸರು ಕೇಳಿದೆ.

"ಕ್ಯಾ ಸಾರ್!" ಅವರು ಬಾಗಿಲಿನ ಚೌಕಟ್ಟಿಗೆ ಒರಗಿ ನಕ್ಕರು. "ಎರಡು ವರ್ಷ ಆತು ಮನಿ ಎದುರಾ ಬದುರಾ. ಇವತ್ತು ಹೆಸರು ಕೇಳ್ತೀರಿ? ಖಾಜಾ ಅಂತಾರ. ನಿಮ್ಮ ಹೆಸರು ನಂಗೊತ್ತು, ನಿಮ್ಮ ಗ್ರೂಪಿನ್ಯಾಗ ನಾನೂ ಅದೀನಿ."

"ಹೌದಾ? ನನ್ನ ಪೋಸ್ಟ್ ನೋಡಿದಿರಾ ಹಾಗಾದರೆ?"

"ನೋಡೀನ್ರಿ. ಲೈಕ್ ಒತ್ತೀನಿ."

"ಮತ್ತೆ ಬರ್ತೀನಿ ಅಂತ ಯಾಕ ಹೇಳಲಿಲ್ಲ?"

"ನೀವು ನನ್ನ ಕರೀಲಿಲ್ಲಲ್ಲ ಸಾರ್. ಎಲ್ಲಾರ್ನೂ ಕರದ್ರಿ."

ಈ ವಾಕ್ಯವನ್ನು ನಾನು ಯಾವ ವೇದಿಕೆಯಲ್ಲೂ ಕೇಳಿರಲಿಲ್ಲ. ಖಾಜಾ ಬರುವುದಾಗಿ ಒಪ್ಪಿದರು; ಆಟೋ ಸಮೇತ. ಅವರ ಷರತ್ತು ಇಷ್ಟೇ. ತಾಯಿಯ ಕಣ್ಣಿನ ಆಪರೇಷನ್ ಆಗಲಿದೆ. ಆ ದಿನ ಆಸ್ಪತ್ರೆಯಲ್ಲಿ ಜೊತೆಗೆ ಕೂರಲು ಇಂಗ್ಲಿಷ್ ಓದುಬರಹ ಬಲ್ಲ ಒಬ್ಬರು ಬೇಕು. "ಫಾರಮ್ ತುಂಬ್ಸು, ಸೈನ್ ಹಾಕು ಅಂತಾರ, ಇಂಗ್ಲಿಷ್ ಫಾರಮ್ಮು ನಂಗ ತಿಳೀವಲ್ದು" ಅಂದರು.

ಮೂರನೆಯವರು ಬೀದಿಯ ಕೊನೆಯ ಟೈಲರ್ ಪದ್ಮಕ್ಕ. ಇಷ್ಟು ದಿನ ಮಾತಾಡಿಸದಿದ್ದುದಕ್ಕೆ ಕ್ಷಮೆ ಕೇಳಿದೆ. "ಪರವಾಲೇದು ಸಾರ್" ಎಂದು ತೆಲುಗಿನಲ್ಲಿ ಕ್ಷಮಿಸಿ, ಕನ್ನಡದಲ್ಲಿ ವಿಚಾರಣೆಗಿಳಿದರು. "ಕಾಲೇಜಿನ್ಯಾಗ ಭಾಷಣ ಹೇಳಿಕೊಡ್ತೀರಂತ? ನಮ್ಮ ಹುಡುಗಿ ಸ್ಟೇಜ್ ಮ್ಯಾಲೆ ನಿಂತ್ರ ಬಾಯಿ ಬಿಡವಲ್ಲಳು. ಆಕಿಗೆ ಮಾತು ಕಲಸ್ರಿ, ನಾ ನಿಮಗ ಹತ್ತಿ ಬಿಡಸೋದು ಕಲಸ್ತೀನಿ. ನಾ ನಂದವರಂ ಕಡೀಕಿ, ಹತ್ತಿ ಹೊಲದಾಗ ಹುಟ್ಟೀನಿ."

ಒಂದು ಗಂಟೆ. ಮೂರು ಬಾಗಿಲು. ಮೂರು ಒಪ್ಪಿಗೆ. ಸಾವಿರ ಜನರ ಗ್ರೂಪು ಎರಡು ದಿನದಲ್ಲಿ ಕೊಡದಿದ್ದುದನ್ನು ಹದಿನೆಂಟು ಮನೆಗಳ ಬೀದಿ ಸಂಜೆಯ ದೀಪ ಹಚ್ಚುವುದರೊಳಗೆ ಕೊಟ್ಟಿತ್ತು.

ಮನೆಗೆ ಬಂದು ನರಸಮ್ಮನ ಪೋಸ್ಟನ್ನು ಅಳಿಸಿದೆ. ಐವರ ಹಳೆಯ ಫೋಟೋವನ್ನೂ ಅಳಿಸಿದೆ. ಕೊನೆಯದಾಗಿ ಬರೆದೆ: 'ಭಾನುವಾರ ಬೆಳಗ್ಗೆ ಐದೂವರೆಗೆ ನಮ್ಮ ಬೀದಿಯ ಬೇವಿನ ಮರದ ಕೆಳಗಿಂದ ಆಟೋ ಹೊರಡುತ್ತದೆ. ನಾನು ಈ ಗ್ರೂಪಿನಲ್ಲಿ ಇನ್ನಿರುವುದಿಲ್ಲ, ಬೀದಿಯಲ್ಲಿರುತ್ತೇನೆ.' ಬರೆದು ಹೊರಬಂದೆ. (ಆ ಸಂದೇಶಕ್ಕೂ ತೊಂಬತ್ತು ಮಂದಿ ಕೈ ಮುಗಿದರಂತೆ. ಖಾಜಾ ಹೇಳಿದ್ದು.)

"ಬೆಳಗ್ಗೆ ಆರಕ್ಕ ಸುವಿಚಾರ ಯಾರು ಹಾಕ್ತಾರ ಈಗ?" ಎಂದಳು ಸುಧಾ.

"ಯಾರೂ ಹಾಕೂದಿಲ್ಲ."

"ಊರಿಗೆ ಮೊದಲ ಉಪಕಾರ ಮಾಡಿದಿರಿ ನೋಡ್ರಿ."

ಭಾನುವಾರ ಎಮ್ಮಿಗನೂರು ದಾಟಿ ಹಳ್ಳಿ ಮುಟ್ಟುವಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಮೂಡಲದಲ್ಲಿ ಮಾತ್ರ ಮೋಡದ ಒಂದು ಗೆರೆ. ಆಟೋದಿಂದ ಇಳಿದವನೇ ಹೊಲಕ್ಕೆ ನುಗ್ಗಿದೆ. ಗಿಡಕ್ಕೆ ಕೈ ಹಾಕುವುದರೊಳಗೆ ಬದುವಿನ ಮೇಲಿಂದ ಗಂಡು ದನಿಯೊಂದು ಕೇಳಿತು.

"ಏ ಸಾರ್, ಮಂಜು ಆರ್ಲಿ ತಡೀರಿ! ಹಸಿ ಹತ್ತಿ ಚೀಲಕ್ಕ ತುಂಬಿದ್ರ ಮಳಿ ಯಾಕ ಬೇಕು?"

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬದುವಿನ ಮೇಲೆ ಕುಳಿತಿದ್ದ ವೀರೇಶಪ್ಪ, ನರಸಮ್ಮನ ಗಂಡ. ಅಂದು ಪೂರ್ತಿ ಅವರದು ಅದೇ ಕೆಲಸ: ಕುಳಿತು ನಮ್ಮ ತಪ್ಪುಗಳನ್ನು ಎಣಿಸುವುದು. ಬಲಗೈ ಮುರಿದಿತ್ತು, ಬಾಯಿ ಗಟ್ಟಿಯಾಗಿತ್ತು.

ಮಂಜು ಆರುವವರೆಗೆ ಕಾದೆವು. ಆಮೇಲೆ ಪದ್ಮಕ್ಕ ನಮ್ಮೆಲ್ಲರ ಸೊಂಟಕ್ಕೆ ಹಳೆಯ ಸೀರೆಯ ತುಂಡು ಕಟ್ಟಿ ಉಡಿ ಮಾಡಿದರು. ಒಬ್ಬೊಬ್ಬರಿಗೆ ಒಂದೊಂದು ಸಾಲು. ಹತ್ತಿ ಬಿಡಿಸುವುದು ಸುಲಭವೆಂದು ಭಾವಿಸಿರುವವರು ದಯವಿಟ್ಟು ಒಂದು ಸಾಲು ಬಿಡಿಸಿ ನೋಡಿ. ಒಣಗಿದ ಕಾಯಿಯ ತುದಿಗಳು ಮುಳ್ಳಿನಂತಿರುತ್ತವೆ. ಉಗುರಿನ ಬುಡವನ್ನೇ ಹುಡುಕಿ ಚುಚ್ಚುತ್ತವೆ. ಮೆಲ್ಲಗೆ ಎಳೆದರೆ ಅರ್ಧ ಹತ್ತಿ ಕಾಯಿಯಲ್ಲೇ ಉಳಿಯುತ್ತದೆ. ಜೋರಾಗಿ ಎಳೆದರೆ ಒಣ ಎಲೆಯ ಪುಡಿ ಅಂಟಿಕೊಂಡು ಬರುತ್ತದೆ. ನರಸಮ್ಮ ಎರಡು ಕೈಯಲ್ಲಿ ಎರಡು ಗಿಡದಿಂದ ಒಟ್ಟಿಗೇ ಬಿಡಿಸುತ್ತ ಮುಂದೆ ಮುಂದೆ ಹೋಗುತ್ತಿದ್ದರು. ಮಗಳು ಅವರ ಹಿಂದೆಯೇ. ಹತ್ತು ಗಂಟೆಯ ಹೊತ್ತಿಗೆ ನನ್ನ ಬೆರಳುಗಳಲ್ಲಿ ರಕ್ತ ಜಿನುಗುತ್ತಿತ್ತು, ಉಡಿ ಅರ್ಧ ತುಂಬಿತ್ತು.

"ಸಾರ್ ಉಡಿ ನೋಡ್ರಿ" ಎಂದರು ವೀರೇಶಪ್ಪ. "ಹತ್ತಿ ಬಿಡ್ಸ್ಯಾರೋ, ಎಲಿ ಬಿಡ್ಸ್ಯಾರೋ?"

ಶ್ಯಾಮಾಚಾರ್ಯರು ಮಾತ್ರ ಮಾತಿಲ್ಲದೆ, ನೀರೂ ಕುಡಿಯದೆ, ಫೈಲು ವಿಲೇವಾರಿ ಮಾಡುವ ಶಿಸ್ತಿನಲ್ಲಿ ಒಂದೊಂದೇ ಗಿಡ ಮುಗಿಸುತ್ತಿದ್ದರು. ಮಧ್ಯಾಹ್ನ ನಾವೆಲ್ಲ ರೊಟ್ಟಿ ತಿನ್ನಲು ಕುಳಿತಾಗ ಅವರು ಇನ್ನೂ ಎರಡು ಸಾಲು ಮುಂದಿದ್ದರು.

ಆದರೆ ಸತ್ಯವನ್ನು ಹೇಳಬೇಕು. ಮಧ್ಯಾಹ್ನ ಒಂದಕ್ಕೆ ಅರ್ಧ ಹೊಲವೂ ಆಗಿರಲಿಲ್ಲ. ಮೂಡಲದ ಗೆರೆ ಈಗ ಗೋಡೆಯಾಗಿತ್ತು. ನರಸಮ್ಮ ರೊಟ್ಟಿ ಕೈಯಲ್ಲಿ ಹಿಡಿದು ಆಕಾಶ ನೋಡುತ್ತಿದ್ದರು. ತಿನ್ನುತ್ತಿರಲಿಲ್ಲ.

"ಸೋಮವಾರ ಅಂದಿದ್ರು" ಅಂದೆ.

"ಮಳಿ ಟೀವಿ ನೋಡ್ತೈತೇನ್ರಿ ಸಾರ್?"

ಆಗ ಪಕ್ಕದ ಬದುವಿನ ಮೇಲೆ ನಾಲ್ವರು ಹೆಂಗಸರು ಕಾಣಿಸಿಕೊಂಡರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ತಮ್ಮ ಹೊಲದ ಕೆಲಸ ಮುಗಿಸಿ ಬಂದವರು. ಮುಂದೆ ನಿಂತಿದ್ದ ಎತ್ತರದಾಕೆಯನ್ನು ನಾನು ಗುರುತಿಸಿದೆ. ನನ್ನ ವಿಶ್ವಕೋಶದ ಹನ್ನೆರಡು ಸಂಪುಟಗಳನ್ನು ಒಂದೇ ಹೊರೆಯಲ್ಲಿ ಹೊತ್ತಿದ್ದವರು. ಈರಮ್ಮ.

"ಏನ ನರಸವ್ವ, ಆಚಾರ್ರನ್ನ ಹತ್ತಿಗೆ ಹಚ್ಚೀದಿ? ಪೂಜಿ ಯಾರು ಮಾಡ್ತಾರ ಊರಾಗ?" ಎಂದು ಅಲ್ಲಿಂದಲೇ ಕೂಗಿದರು. ಉಳಿದ ಮೂವರು ಬಾಯಿಗೆ ಸೆರಗು ಹಿಡಿದು ನಕ್ಕರು. "ಎಲ್ಲೈತಿ ನಿನ್ನ ಮುನ್ನೂರು ಮಂದಿ? ಐದಾ ತಲಿ ಕಾಣ್ತಾವ!"

ನರಸಮ್ಮ ತಲೆ ಎತ್ತಲಿಲ್ಲ. ಉತ್ತರ ಕೊಡಬೇಕಾದವನು ನಾನು. ಎದ್ದು ಬದುವಿನ ಬಳಿ ಹೋದೆ. ಪೀಠಿಕೆ ಹಾಕಲಿಲ್ಲ.

"ಈರಮ್ಮ, ಫೋಟೋ ಹಾಕಿದ್ದು ನಾನು. ನರಸಮ್ಮ ಯಾರ ಮುಂದೂ ಕೈ ಚಾಚಿಲ್ಲ. ನನ್ನ ಕಡೆ ಇದ್ದ ಮುಯ್ಯಿ ಕೇಳ್ಯಾರ. ನನಗ ತಿಳೀಲಿಲ್ಲ. ಎರಡು ವರ್ಷದ ಹಿಂದೆ ನೀವು ಐದು ಮಂದಿ ನನ್ನ ಪುಸ್ತಕ ಹೊತ್ತಿದ್ರಿ. ಅದಕ್ಕ ಇವತ್ತು ನಾವು ಐದು ಮಂದಿ ಬಂದೀವಿ. ತಪ್ಪಾತು."

ಈರಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನೋಟ ನನ್ನ ಬೆರಳುಗಳ ಮೇಲೆ ನಿಂತಿತು.

"ರಕ್ತ ಬಂದೈತಿ."

"ಹೌದ್ರಿ."

"ಫೋನಿನ್ಯಾಗ ಹಾಕ್ತೀರೇನು ಅದನ್ನ?"

"ಇಲ್ರಿ. ಫೋನು ಮನ್ಯಾಗ ಬಿಟ್ಟು ಬಂದೀನಿ."

"ಹಂಗಾರ ಆ ಸಾಲು ಬಿಟ್ಟು ಸರೀರಿ ಆಕಡೆ" ಎಂದು ಅವರು ಬದು ಇಳಿದರು. "ನೀವು ಬಿಡ್ಸಿದ ಗಿಡ ನೋಡಿದ್ರ ಮತ್ತೊಮ್ಮಿ ಬಿಡಸಬೇಕಾಗೈತಿ. ಏ ಬರ್ರೇ, ಏನ್ ನಿಂತ್ಕೊಂಡು ನಗ್ತೀರಿ, ಮಳಿ ಬಂತು!"

ಆಮೇಲಿನ ಮೂರು ಗಂಟೆಯನ್ನು ವರ್ಣಿಸಲು ನನ್ನ ಬಳಿ ಭಾಷೆ ಸಾಲದು. ನಾಲ್ವರು ಬಂದದ್ದೇ ಹೊಲದ ವೇಗ ಬದಲಾಯಿತು. ನನ್ನನ್ನೂ ಸುಧಾಳನ್ನೂ ಬಿಡಿಸುವ ಕೆಲಸದಿಂದ ತೆಗೆದು ಚೀಲ ತುಂಬಲು ಹಾಕಿದರು. (ಈ ಹಿಂಬಡ್ತಿಯನ್ನು ಸಂತೋಷದಿಂದ ಸ್ವೀಕರಿಸಿದೆ.) ಉಡಿ ತುಂಬಿದವರು ಬಂದು ಸುರಿಯುತ್ತಿದ್ದರು. ನಾವು ಚೀಲದೊಳಗೆ ಇಳಿದು ತುಳಿದು ತುಂಬುತ್ತಿದ್ದೆವು. ಖಾಜಾ ಆಟೋವನ್ನು ಹೊಲದ ದಾರಿಯವರೆಗೆ ತಂದು ಹಿಂದಿನ ಸೀಟು ಬಿಚ್ಚಿದರು. ಒಮ್ಮೆಗೆ ಎರಡು ಚೀಲ. ಹೊಲದಿಂದ ಮನೆಗೆ, ಮನೆಯಿಂದ ಹೊಲಕ್ಕೆ. ಆಟೋ ಕಾಣುತ್ತಿರಲಿಲ್ಲ, ಬೆಳ್ಳನೆಯ ದೊಡ್ಡ ಮೂಟೆಯೊಂದು ಹಾರನ್ ಹೊಡೆಯುತ್ತ ಹಳ್ಳಿಯೊಳಗೆ ಹೋಗುವಂತೆ ಕಾಣುತ್ತಿತ್ತು. ಈರಮ್ಮ ಪದ್ಮಕ್ಕನ ಜೊತೆ ಪಂದ್ಯ ಕಟ್ಟಿ ಎರಡು ಸಾಲಿನಲ್ಲಿ ಸೋತರು, ಮೂರನೆಯದರಲ್ಲಿ ಗೆದ್ದರು. ವೀರೇಶಪ್ಪ ಎಡಗೈಯಿಂದ ಚೀಲದ ಬಾಯಿ ಹಿಡಿದು ನಿಂತರು. ಈ ಬಾರಿ ಅವರಿಗೂ ಟೀಕೆಗೆ ಬಿಡುವಿರಲಿಲ್ಲ.

ಗಾಳಿ ಎದ್ದಾಗ ಕೊನೆಯ ಮೂರು ಸಾಲು ಉಳಿದಿದ್ದವು. ಹನ್ನೊಂದು ಜನ ಆ ಮೂರು ಸಾಲಿನ ಮೇಲೆ ಎರಗಿದೆವು. ಕೊನೆಯ ಚೀಲ ನರಸಮ್ಮನ ಮನೆಯ ಪಡಸಾಲೆಯ ಒಳಗೆ ಬಿತ್ತು. ಖಾಜಾ ಆಟೋದಿಂದ ಇಳಿದು ತಲೆಯ ಮೇಲಿನ ಹತ್ತಿ ಕೊಡವುತ್ತಿದ್ದರು. ಅಂಗಳದ ತಗಡಿನ ಮೇಲೆ ಮೊದಲ ಹನಿಗಳು ಠಣ್ ಎಂದವು.

ನರಸಮ್ಮ ಚೀಲಗಳ ನಡುವೆ ಹೋಗಿ, ಒಂದರ ಬಾಯಿಗೆ ಕೈ ಹಾಕಿ, ಹಿಡಿಯಷ್ಟು ಹತ್ತಿಯನ್ನು ತೆಗೆದು ಕೆನ್ನೆಗೆ ಒತ್ತಿಕೊಂಡರು.

"ಒಣಾ ಐತಿ" ಅಂದರು.

ಮಳೆ ಸುರಿಯಿತು. ನಾವು ಪಡಸಾಲೆಯಲ್ಲಿ ಹತ್ತಿಯ ಚೀಲಗಳಿಗೆ ಒರಗಿ, ಹೊರಗಿನ ನೀರಿಗೆ ಕೇಕೆ ಹಾಕಿದೆವು. ಎಪ್ಪತ್ತರ ಶ್ಯಾಮಾಚಾರ್ಯರೂ ಹಾಕಿದರು. ಗೆದ್ದ ಶೀಲ್ಡುಗಳೆಲ್ಲವನ್ನೂ ಒಟ್ಟಿಗೆ ಇಟ್ಟರೂ ಆ ಸಂಜೆಯ ಎತ್ತರಕ್ಕೆ ಬರುವುದಿಲ್ಲ ಎಂದು ಸಂಕೋಚವಿಲ್ಲದೆ ಘೋಷಿಸುತ್ತೇನೆ.

"ಈಗ ಸಮ ಆಯ್ತಲ್ಲ ಈರಮ್ಮ? ಐದಕ್ಕ ಐದು" ಅಂದೆ.

"ಏನ್ ಸಮ? ನೀವು ಐದು ಮಂದಿ ಬಿಡ್ಸಿದ್ದು ನಮ್ಮ ಮೂರು ಮಂದಿ ಕೆಲಸ. ಅದರಾಗ ಆಚಾರ್ರದು ಒಂದು, ಟೈಲರ್ ಅಕ್ಕಂದು ಒಂದು. ಉಳಿದ ಮೂವರದು ಸೇರಿ ಒಂದು. ಇನ್ನೂ ಎರಡಾಳು ಬಾಕಿ ಅದೀರಿ."

"ಅದನ್ನೂ ತೀರಿಸ್ತೀವಿ, ಹೇಳ್ರಿ ಯಾವಾಗ."

"ಅಯ್ಯ, ಪೂರಾ ತೀರಿಸ್ತಾರೇನ್ರಿ ಯಾರಾದ್ರೂ?" ಈರಮ್ಮನಿಗೆ ನನ್ನ ಅಜ್ಞಾನ ಕಂಡು ನಿಜವಾಗಿ ಕನಿಕರವಾಯಿತು. "ಒಂದು ದಿನ ಬಾಕಿ ಇಟ್ಕೊಂಡಿರಬೇಕ್ರಿ ಸಾರ್. ಪೂರಾ ತೀರಿದ್ರ ಮತ್ತ ಯಾಕ ಬರ್ತೀರಿ ನಮ್ಮ ಮನಿಗೆ?"

ಇಲ್ಲಿ ನನ್ನ ಎದುರಾಳಿ ಮಿತ್ರರು ಎದ್ದು ನಿಲ್ಲುವುದು ಕಾಣುತ್ತಿದೆ. ಫೋನು ಕೆಟ್ಟದ್ದೇ? ಅಲ್ಲ. ಖಾಜಾ ದಾರಿ ಕೇಳಿದ್ದು ಫೋನಿನಲ್ಲೇ. ದೂರದವರ ದನಿ ಕೇಳಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ನನ್ನ ಆಕ್ಷೇಪ ಬೇರೆ. ಲೈಕು ಒತ್ತಿದ ಕ್ಷಣದಲ್ಲೇ ಲೆಕ್ಕ ಚುಕ್ತಾ ಆಗಿಬಿಡುತ್ತದೆ. ನಾನು ನಿಮ್ಮದಕ್ಕೆ ಒತ್ತಿದೆ, ನೀವು ನನ್ನದಕ್ಕೆ ಒತ್ತಿದಿರಿ. ಯಾರಿಗೆ ಯಾರೂ ಏನೂ ಉಳಿಸಿಕೊಳ್ಳಲಿಲ್ಲ. ಉಳಿಸಿಕೊಳ್ಳದವರು ಮತ್ತೆ ಯಾರ ಬಾಗಿಲಿಗೆ ಏಕೆ ಹೋಗುತ್ತಾರೆ? ನಾನು ಕಟ್ಟಿದ ಬಳಗದಲ್ಲಿ ಎಲ್ಲರೂ ಹಾರೈಕೆ ಕೊಡಲು ಸಿದ್ಧರಿದ್ದರು. ನನಗಿದು ಬೇಕು ಎಂದು ಕೇಳುವವರು ಇರಲಿಲ್ಲ. ಮೊದಲು ಕೇಳಬೇಕಾದವನು ನಾನೇ ಆಗಿದ್ದೆ. ಸುಧಾರಕನಿಗೆ ಕೇಳುವುದು ಕಷ್ಟ.

ಈಗಿನ ಸುದ್ದಿ ಹೇಳುತ್ತೇನೆ. ಖಾಜಾರ ತಾಯಿಯ ಆಪರೇಷನ್ ದಿನ ಬೆಳಗ್ಗೆಯಿಂದ ಸಂಜೆಯವರೆಗೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದೆ. ಪಟ್ಟಿ ಬಿಚ್ಚಿದ ಮೇಲೆ ಆ ತಾಯಿ ನನ್ನನ್ನು ನೋಡಿ, "ಇಷ್ಟು ಸಣ್ಣ ಅದಾನ? ಮಾತು ಕೇಳಿ ದೊಡ್ಡ ಮನುಷ್ಯ ಅಂದ್ಕೊಂಡಿದ್ದೆ" ಎಂದರು. ಪದ್ಮಕ್ಕನ ಮಗಳು ಶಾಲೆಯಲ್ಲಿ ಮೂರು ನಿಮಿಷ ಮಾತಾಡಿ ಬಂದಿದ್ದಾಳೆ. ವಿಷಯ: 'ನಮ್ಮ ಬೀದಿ.' ಹದಿನೆಂಟು ಮನೆಗಳ ಹೆಸರುಗಳು ನನಗೀಗ ಬಾಯಿಪಾಠ. ಸಂಜೆ ಹಾಲು ತರಲು ಹೋದರೆ ಮನೆ ಮುಟ್ಟಲು ಮುಕ್ಕಾಲು ಗಂಟೆ. (ಹಾಲು ಒಮ್ಮೆ ಒಡೆದೂ ಹೋಯಿತು. ಸುಧಾ ಸುವಿಚಾರವೊಂದನ್ನು ಹೇಳಿದಳು.)

ಕಳೆದ ಭಾನುವಾರ ಬಾವಿಗಿಳಿದೆವು. ಬೀದಿಯ ಒಂಬತ್ತು ಮನೆಯವರು ಬಂದಿದ್ದರು. ಹಗ್ಗ ಒಬ್ಬರದು, ಗಡಗಡ ತಿರುಗುವ ರಾಟೆ ಒಬ್ಬರದು, ಬುಟ್ಟಿ ಇನ್ನೊಬ್ಬರದು. ಹದಿನೈದು ವರ್ಷದ ಹೂಳು. ಒಂದು ಹಿತ್ತಾಳೆ ತಂಬಿಗೆ, ಆಚಾರ್ಯರ ಮೊಮ್ಮಗನ ಚೆಂಡು, ಯಾರದೋ ಕೀಲಿಗೊಂಚಲು ಮೇಲೆ ಬಂದವು. ಮೊಣಕಾಲವರೆಗಿನ ಕೆಸರಿನಲ್ಲಿ ನಿಂತು ಮೇಲೆ ನೋಡಿದೆ. ಬಾವಿಯ ದುಂಡನೆಯ ಬಾಯಿಯಲ್ಲಿ ಹೊಸದಾಗಿ ಎರಡು ತಲೆಗಳು ಬಗ್ಗಿದ್ದವು. ನರಸಮ್ಮ, ಈರಮ್ಮ. ಮೊದಲ ಬಸ್ಸಿಗೆ ಬಂದಿದ್ದರು. ಯಾರೂ ಪೋಸ್ಟು ಹಾಕಿರಲಿಲ್ಲ.

"ಬಾಕಿ ಇರೋದು ನಮ್ಮದು" ಎಂದು ಕೆಳಗಿಂದ ಕೂಗಿದೆ. "ನೀವ್ಯಾಕ ಬಂದ್ರಿ?"

"ಬಾಕಿ ಹೆಚ್ಚು ಮಾಡಾಕ!" ಎಂದರು ಈರಮ್ಮ, ಹಗ್ಗಕ್ಕೆ ಕೈ ಹಾಕುತ್ತ.

ಮಧ್ಯಾಹ್ನ ಮೂರಕ್ಕೆ ಬುಡದ ಕಲ್ಲಿನ ಸಂದಿಯಿಂದ ತಣ್ಣನೆಯ ನೀರು ನನ್ನ ಪಾದದ ಮೇಲೆ ಹರಿಯಿತು. ಮೇಲೆ ಹದಿನೆಂಟು ಮನೆಗೂ ಕೇಳುವಂಥ ಕೂಗು.

ಓದುಗ ಮಿತ್ರರೇ, ನಿಮ್ಮ ಗೆಳೆಯರ ಪಟ್ಟಿಯಲ್ಲಿ ಎಷ್ಟು ಹೆಸರಿವೆ ಎಂದು ನಾನು ಕೇಳುವುದಿಲ್ಲ. ನಿಮ್ಮ ಬೀದಿಯಲ್ಲಿ ನೀವು ಯಾರಿಗೆ ಒಂದು ದಿನ ಬಾಕಿ ಇದ್ದೀರಿ?